ನಮ್ಮ ತಂಡಕ್ಕೆ ಇನ್ನೂ ಚಾನ್ಸ್ ಇದೆ

ಮೆಚ್ಚಿದ ತಂಡ ಸೋತರೆ ಆಗುವ ದುಃಖ ಅಂಥ ದೊಡ್ಡದೇನಲ್ಲ. ಆ ದುಃಖವನ್ನು ಹೇಳಿಕೊಳ್ಳಲು ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲ ಎನ್ನುವುದಿದೆಯಲ್ಲ, ಅದು ದೊಡ್ಡದು. ಕ್ರಿಕೆಟ್ಟಿನಲ್ಲಿ ಭಾರತ ಸೋತ ಮರುದಿನ ಶಿವಮೊಗ್ಗದಲ್ಲಿ ಯಾರೂ ಒಂಟಿಯಲ್ಲ. ಕ್ಷೌರದಂಗಡಿಯವನು ನಮ್ಮ ಕತ್ತಿನ ಮೇಲೆ ಕತ್ತಿಯಿಟ್ಟುಕೊಂಡೇ ಕ್ಯಾಪ್ಟನ್ನಿಗೆ ಬೈಯುತ್ತಾನೆ, ಸಿಟಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ಮರೆತು ಕೊನೆಯ ಓವರಿನ ವಿಮರ್ಶೆ ಮಾಡುತ್ತಾನೆ. ಸೋಲು ಊರಿಗೆಲ್ಲ ಹಂಚಿ ಹೋಗಿ ಒಬ್ಬೊಬ್ಬರ ಪಾಲಿಗೆ ಚಿಟಿಕೆಯಷ್ಟು ಬರುತ್ತದೆ. ನನ್ನ ತಂಡ ಸೋತರೆ ಮಾತ್ರ ಇಡೀ ಜಿಲ್ಲೆಯ ಪಾಲು ನನ್ನೊಬ್ಬನ ತಟ್ಟೆಗೇ ಬೀಳುತ್ತದೆ. ಯಾಕೆಂದರೆ ನಾನು ಅಮೆರಿಕದ ಒಂದು ಬೇಸ್‌ಬಾಲ್ ತಂಡದ ಅಭಿಮಾನಿ. ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ, ಗೊತ್ತಾದರೆ ನಗುತ್ತೀರಿ. ಅದು ಗೆಲ್ಲುವ ತಂಡವಲ್ಲ.

ಇದು ಹೇಗೆ ಅಂಟಿಕೊಂಡಿತು ಎಂದು ಕೇಳಬಹುದು. ನಾನು ಆಲ್ಕೊಳದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೇನೆ. ಮೈಸೂರಿನಲ್ಲಿ ಎಂ.ಎ. ಓದಿ, ಇಲ್ಲಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತೇನೆ. ಮದುವೆಯ ವಿಚಾರವನ್ನು ಸಾಧಕ ಬಾಧಕ ತೂಗುತ್ತ ಮುಂದೂಡಿದೆ. ಇನ್ನೂ ತೂಗುತ್ತಿರುವಾಗಲೇ ಕೇಳುವವರು ಕೇಳುವುದನ್ನು ನಿಲ್ಲಿಸಿದರು. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಟಿವಿ ಹಚ್ಚಿದಾಗ, ಪೈಜಾಮದಂಥದ್ದನ್ನು ತೊಟ್ಟು ಮೊಣಕಾಲಿನವರೆಗೆ ಕಾಲುಚೀಲ ಎಳೆದುಕೊಂಡ ಕೆಲವರು ಹಸಿರು ಮೈದಾನದಲ್ಲಿ ಏನೂ ಮಾಡದೆ ನಿಂತಿದ್ದರು. ಬಹಳ ಹೊತ್ತು ಯಾರೂ ಏನೂ ಮಾಡಲಿಲ್ಲ. ಒಬ್ಬ ಉಗಿದ. ಇನ್ನೊಬ್ಬ ಟೋಪಿ ಸರಿಮಾಡಿಕೊಂಡ. ಇದು ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಹಾಗೇ ಇದೆಯಲ್ಲ ಎಂದು ನನಗೆ ಆತ್ಮೀಯತೆ ಹುಟ್ಟಿತು. ಅದರಲ್ಲೂ ಸೋಲುತ್ತಿದ್ದ ತಂಡದ ಕಡೆಯ ಪ್ರೇಕ್ಷಕರ ಮುಖಗಳು ನನಗೆ ಹಿಡಿಸಿದವು. ಸೋತು ಅಭ್ಯಾಸವಿರುವವರ ಮುಖದಲ್ಲಿ ಒಂದು ಸಭ್ಯತೆ ಇರುತ್ತದೆ. ಅಂದಿನಿಂದ ಅದು ನಮ್ಮ ತಂಡ.

ಈ ಆಟದಲ್ಲಿ ಬೇಸಿಗೆಯ ಮೊದಲಿನಿಂದ ಆಡಿ ಆಡಿ, ಸೆಪ್ಟೆಂಬರ್ ಕೊನೆಗೆ ಯಾರು ಮೇಲಿದ್ದಾರೋ ಆ ಕೆಲವು ತಂಡಗಳಿಗೆ ಮಾತ್ರ ಮುಂದಿನ ಸುತ್ತು. ಉಳಿದವರು ಮನೆಗೆ. ನಮ್ಮ ತಂಡ ಯಾವಾಗಲೂ ಆ ಗೆರೆಯ ಮೇಲೆ ಕಾಲಿಟ್ಟು ತೂಗಾಡುತ್ತಿರುತ್ತದೆ. ಉಳಿದದ್ದನ್ನೆಲ್ಲ ನಾವು ಗೆದ್ದು, ಮೇಲಿನವರು ಒಂದಾದರೂ ಸೋತು, ಪಕ್ಕದವರು ಎಡವಿದರೆ ಆಗುತ್ತದೆ. ಕ್ರಿಕೆಟ್ ನೋಡುವ ಯಾವ ಭಾರತೀಯನಿಗೂ ಈ ಲೆಕ್ಕವನ್ನು ಕಲಿಸಬೇಕಾಗಿಲ್ಲ.

ಆದರೆ ಲೆಕ್ಕ ಹಾಕುವುದಕ್ಕೆ ನನಗಿದ್ದದ್ದು ವಾರಕ್ಕೊಂದು ಪಂದ್ಯ. ಅದನ್ನು ಒಂದು ಸ್ಪೋರ್ಟ್ಸ್ ಚಾನಲ್ಲಿನವರು ಭಾನುವಾರ ಬೆಳಗ್ಗೆ ತೋರಿಸುತ್ತಿದ್ದರು. ಪತ್ರಿಕೆಯಲ್ಲಿ ಬೇಸ್‌ಬಾಲಿನ ಫಲಿತಾಂಶ ಬರುತ್ತಿರಲಿಲ್ಲ. ಟಿವಿಯಲ್ಲೂ ಪೂರ್ತಿ ಕಾಣುತ್ತಿರಲಿಲ್ಲ, ಯಾಕೆಂದರೆ ನಮ್ಮ ಬಡಾವಣೆಯ ಕೇಬಲ್ ಗಿರೀಶ ಪರದೆಯ ಕೆಳಗಿನ ನಾಲ್ಕು ಬೆರಳಗಲ ಜಾಗವನ್ನು ಊರಿನ ಅಂಗಡಿಗಳಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಗಾಂಧಿ ಬಜಾರಿನ ಸೀರೆ ಅಂಗಡಿಯ ಆಷಾಢ ರಿಯಾಯಿತಿಯೂ, ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಮಾಡುವ ಡಾಕ್ಟರರ ಭೇಟಿಯ ವೇಳೆಯೂ ಎಡೆಬಿಡದೆ ಓಡುತ್ತಿದ್ದವು. ಅಮೆರಿಕದವರು ಅದರ ಹಿಂದೆ ಏನೇನೋ ಬರೆಯುತ್ತಿದ್ದರು. ನನಗೆ ಕಾಣುತ್ತಿದ್ದುದು ಅಕ್ಷರಗಳ ತಲೆ ಮಾತ್ರ.

ಇನ್ನೊಂದು ಕಷ್ಟವಿತ್ತು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗುತ್ತಾ ಬಂದಿತ್ತು. ಚಿಕ್ಕಂದಿನಲ್ಲಿ ನಾವಿದ್ದ ಮನೆಯ ಬಾಗಿಲು ನೀಲಿ ಎಂದು ನಾನು, ಹಸಿರು ಎಂದು ಅಕ್ಕ. ಕೊನೆಗೆ ಅಮ್ಮನನ್ನು ಕೇಳಿದರೆ ಅದಕ್ಕೆ ಬಣ್ಣವೇ ಹೊಡೆದಿರಲಿಲ್ಲ. ಅಂದಿನಿಂದ ನಾನು ಏನನ್ನು ನೆನೆಸಿಕೊಂಡರೂ ಒಳಗೊಬ್ಬ ವಕೀಲ ಎದ್ದು ನಿಂತು, ಸಾಕ್ಷಿ ಯಾರು ಎಂದು ಕೇಳುತ್ತಾನೆ. ಬಾಗಿಲಿಗಾದರೆ ಅಮ್ಮನಿದ್ದಳು. ಬೇಸ್‌ಬಾಲಿಗೆ ಯಾರಿದ್ದಾರೆ? ಹೋದ ವರ್ಷ ನಮ್ಮ ತಂಡದ ಒಬ್ಬ, ಮಳೆಯಲ್ಲಿ ಹಿಂದು ಹಿಂದಕ್ಕೆ ಓಡಿ, ಗೋಡೆ ಹತ್ತಿದವನಂತೆ ಹಾರಿ ಚೆಂಡು ಹಿಡಿದ ಎಂದು ನನ್ನ ನೆನಪು. ಅದನ್ನು ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದ ನಾಗರಾಜರ ಮುಂದೆ ವರ್ಣಿಸಿದೆ. ಅವರು ಪೂರ್ತಿ ಕೇಳಿ, ಎಷ್ಟು ಓವರಿನ ಮ್ಯಾಚು ಅಂದರು. ಓವರ್ ಇರುವುದಿಲ್ಲ, ಡ್ರಾ ಕೂಡ ಇಲ್ಲ ಅಂದೆ. "ಮಾರಾಯ್ರೆ, ಓವರ್ರೂ ಇಲ್ಲ, ಡ್ರಾನೂ ಇಲ್ಲ, ಅದೆಂಥ ಆಟ. ನೀವು ಟೈಮಿಗೆ ಸರಿಯಾಗಿ ಮದುವೆ ಆಗಬೇಕಿತ್ತು" ಎಂದು ಚಹಾ ಲೋಟ ಎತ್ತಿಕೊಂಡು ಹೋದರು.

ಈ ವರ್ಷ ಸೆಪ್ಟೆಂಬರಿನಲ್ಲಂತೂ ನನ್ನ ಸ್ಥಿತಿ ಹದಗೆಟ್ಟಿತು. ಪ್ರತಿ ಭಾನುವಾರ ಪಂದ್ಯ ನೋಡುವಾಗ, ಇದನ್ನು ಮೊದಲೇ ನೋಡಿದ್ದೇನೆ ಎಂದು ಅನಿಸತೊಡಗಿತು. ನಮ್ಮ ಕಡೆ ಚೆಂಡು ಎಸೆಯುವ ಎಡಗೈಯವನು ಈಗ ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾನೆ ಅಂದುಕೊಂಡರೆ ಅವನು ಒರೆಸಿಕೊಳ್ಳುತ್ತಿದ್ದ. ಇಂಥ ಭ್ರಮೆಗೆ ಮನಃಶಾಸ್ತ್ರದಲ್ಲಿ ವಿವರಣೆಯಿದೆ, ಒಂಟಿಯಾಗಿರುವವರಿಗೆ ಹೆಚ್ಚು ಎಂದು ಎಲ್ಲೋ ಓದಿದ್ದೆ. ಓದಿದ್ದೆನೋ ಇಲ್ಲವೋ ಅದೂ ಖಾತ್ರಿಯಿಲ್ಲ. ಒಟ್ಟಿನಲ್ಲಿ ವಯಸ್ಸಾಯಿತು ಎಂದು ಸುಮ್ಮನಾದೆ.

ಅಂಥದರಲ್ಲಿ ಒಂದು ಭಾನುವಾರ ಆರನೇ ಇನ್ನಿಂಗ್ಸಿನಲ್ಲಿ ಚಿತ್ರ ಹೋಗಿ ಪರದೆ ತುಂಬ ಇರುವೆ ಹರಿದಾಡಿತು. ಗಿರೀಶನಿಗೆ ಫೋನು ಮಾಡಿದೆ. ನಿದ್ದೆಗಣ್ಣಲ್ಲಿ ಎತ್ತಿದ ಅವನು, ಇವತ್ತು ಕ್ರಿಕೆಟ್ ಇಲ್ಲವಲ್ಲ ಸಾರ್ ಅಂದ. ಬೇಸ್‌ಬಾಲ್ ಅಂದೆ.

"ಸಾರ್, ಭದ್ರಾವತಿ ಕಾಗದನಗರದಲ್ಲಿ ನಮ್ಮ ಭಾವ ಕೇಬಲ್ ನಡೆಸ್ತಾರೆ. ಅಲ್ಲೂ ಒಬ್ರು ಇದಾರಂತೆ, ಭಾನುವಾರ ಬೆಳಗ್ಗೆ ಲೈನ್ ಹೋದ್ರೆ ಮನೆ ಬಾಗಿಲಿಗೇ ಬಂದು ನಿಂತ್ಕೊಳ್ತಾರಂತೆ. ನಿಮ್ಮಂಥದೇ ಕೇಸು" ಅಂದ.

ನಾನು ಆ ವಾರವೆಲ್ಲ ಚಡಪಡಿಸಿದೆ. ಪರಿಚಯವಿಲ್ಲದವರ ಮನೆಗೆ ಬೆಳಗ್ಗೆ ಬೆಳಗ್ಗೆ ಹೋಗಿ ಏನೆಂದು ಹೇಳುವುದು? ಹೆಣ್ಣು ನೋಡಲು ಹೋಗುವವನಿಗಾದರೂ ಜೊತೆಗೆ ಸೋದರಮಾವನಿರುತ್ತಾನೆ. ಆದರೂ ಮುಂದಿನ ಭಾನುವಾರ ಮೊದಲ ಬಸ್ಸಿಗೆ ಭದ್ರಾವತಿಗೆ ಹೋಗಿ, ಗಿರೀಶನ ಭಾವ ಹೇಳಿದ ಕ್ವಾರ್ಟರ್ಸಿನ ಬಾಗಿಲು ತಟ್ಟಿದೆ. ಹಣೆಗೆ ವಿಭೂತಿ ಹಚ್ಚಿ, ಬನಿಯನ್ ಮೇಲೆ ಶಾಲು ಹೊದ್ದಿದ್ದ ಹಿರಿಯರೊಬ್ಬರು ತೆಗೆದರು. ಹೆಸರು ಶಿವಮೂರ್ತಪ್ಪ. ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ನಿವೃತ್ತಿ ಹತ್ತಿರ. ಆಲ್ಕೊಳದಿಂದ ಬಂದ ಕಾಲೇಜು ಮೇಷ್ಟ್ರು ಎಂದು ಪರಿಚಯಿಸಿಕೊಂಡು, ಬಂದ ಕಾರಣ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವ ಟೀಮು ಎಂದು ಕೇಳಿದರು. ಹೇಳಿದೆ. ಬಾಗಿಲು ಪೂರ್ತಿ ತೆರೆದರು.

"ಬನ್ನಿ ಮೇಷ್ಟ್ರೆ, ಚಪ್ಪಲಿ ಒಳಗೇ ಬಿಡಿ, ನಾಯಿ ಎತ್ಕೊಂಡ್ ಹೋಗ್ತದೆ. ಇನ್ನೂ ಎರಡ್ನೇ ಇನ್ನಿಂಗ್ಸು."

ಅವರ ಪತ್ನಿ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋದವರು, ಮಗುವಿಗೆ ಹಲ್ಲು ಬಂದು, ಅದು ಕಚ್ಚಲು ಕಲಿತ ಮೇಲೂ ವಾಪಸು ಬಂದಿರಲಿಲ್ಲ. ಜಗಳವೇನಿಲ್ಲ, ಅಲ್ಲಿ ಅವಳಿಗೆ ಮಾತಾಡೋಕೆ ಜನ ಇದಾರೆ ಎಂದು ಶಿವಮೂರ್ತಪ್ಪನವರೇ ಹೇಳಿದರು. ಅವರು ಮಾಡಿದ ಉಪ್ಪಿಟ್ಟು ಬಾಣಲೆಯ ಆಕಾರದಲ್ಲೇ ತಟ್ಟೆಗೆ ಬಂತು. ಆಟದ ಮಾತಿಗೆ ಬಂದರೆ, ನಮ್ಮ ತಂಡದ ಎಡಗೈ ಬೌಲರ್ ಚೆಂಡು ಎಸೆಯುವ ಮುಂಚೆ ಬೆನ್ನು ತುರಿಸಿಕೊಳ್ಳುವ ರೀತಿ ಥೇಟು ತಮ್ಮ ಚಿಕ್ಕಪ್ಪನದು, ಆ ಚಿಕ್ಕಪ್ಪನೂ ಬದುಕಿನಲ್ಲಿ ಏನನ್ನೂ ಗೆಲ್ಲಲಿಲ್ಲ, ಅದಕ್ಕೇ ಈ ತಂಡ ಎಂದರು. ತಂಡ ಆರಿಸಿಕೊಳ್ಳಲು ಇದಕ್ಕಿಂತ ಗಟ್ಟಿ ಕಾರಣವನ್ನು ನಾನು ಕೇಳಿರಲಿಲ್ಲ. ಮೆಲ್ಲಗೆ ಆ ಮಳೆಯ ಕ್ಯಾಚಿನ ವಿಷಯ ತೆಗೆದೆ.

"ಹಿಡಿದ ಹಿಡಿದ, ನಾನೂ ನೋಡೀನಿ. ಆದ್ರೆ ಮಳೆ ಎಲ್ಲಿತ್ತು ಮೇಷ್ಟ್ರೆ? ಕಣ್ಣು ಕುಕ್ಕೋ ಬಿಸಿಲು. ನಿಮ್ಮ ಆಲ್ಕೊಳದಲ್ಲಿ ಮಳೆ ಬರ್ತಿತ್ತೇನೋ."

ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ನೆನಪನ್ನು ತಪ್ಪು ಎಂದಿದ್ದರು. ಮಳೆ ಹೋದರೆ ಹೋಗಲಿ, ಕ್ಯಾಚಾದರೂ ಉಳಿಯಿತಲ್ಲ. ಆಮೇಲೆ ಅರ್ಧ ಗಂಟೆ ಮಳೆಯೇ ಎಂದು ನಾನು, ಬಿಸಿಲೇ ಎಂದು ಅವರು ಜಗಳವಾಡಿದೆವು. ಅಷ್ಟು ಸುಖವಾಗಿ ನಾನು ಯಾರೊಡನೆಯೂ ಜಗಳವಾಡಿದ್ದು ನೆನಪಿಲ್ಲ.

ಆಗಲೇ ನನ್ನ ಕಣ್ಣು ಪರದೆಯ ಕೆಳಗೆ ಹೋದದ್ದು. ಗಿರೀಶನ ಭಾವನಿಗೆ ಜಾಹೀರಾತು ಸಿಕ್ಕಿರಲಿಲ್ಲವೋ ಏನೋ, ಅವರ ಟಿವಿಯಲ್ಲಿ ಸೀರೆಯೂ ಇರಲಿಲ್ಲ, ಮೂಲವ್ಯಾಧಿಯೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಕಳೆದ ವರ್ಷದ ಪಂದ್ಯ, ಮರುಪ್ರಸಾರ ಎಂದು ಬರೆದಿತ್ತು. ನಾನು ಎರಡು ಸಲ ಓದಿದೆ. ಅದು ಸ್ವಲ್ಪ ಹೊತ್ತು ನಿಂತು, ಮಾಯವಾಗಿ, ಮತ್ತೆ ಬಂತು.

ಅಂದರೆ ಇಷ್ಟು ವಾರವೂ ನನ್ನ ನೆನಪು ಸತ್ಯವನ್ನೇ ಹೇಳುತ್ತಿತ್ತು. ನಾನೇ ಅದನ್ನು ನಂಬದೆ, ಭ್ರಮೆ ಎಂದು ಹೆಸರಿಟ್ಟು ಮೂಲೆಗೆ ಕೂರಿಸಿದ್ದೆ. ಮುಗಿದುಹೋದ ವರ್ಷದಲ್ಲಿ ನಮ್ಮ ತಂಡ ಮುಂದಿನ ಸುತ್ತಿಗೆ ಹೋಗುತ್ತದೆಯೇ ಎಂದು ಊಟದ ಹೊತ್ತಿನಲ್ಲೂ ಲೆಕ್ಕ ಹಾಕಿದ್ದೆ. ಆ ಲೆಕ್ಕದ ಉತ್ತರವೂ ನನ್ನ ತಲೆಯಲ್ಲೇ ಇತ್ತು. ಕೊನೆಯ ಪಂದ್ಯದಲ್ಲಿ ಒಂದೇ ಒಂದು ರನ್ನಿನಿಂದ ಸೋತು ನಾವು ಮನೆಗೆ ಹೋಗಿದ್ದೆವು.

ಹೇಳಬೇಕು ಎಂದು ಬಾಯಿ ತೆರೆದೆ. ಶಿವಮೂರ್ತಪ್ಪನವರು ಬೆರಳು ಮಡಚುತ್ತ ಕೂತಿದ್ದರು.

"ನೋಡಿ, ಇನ್ನೆರಡೂ ನಾವು ಗೆದ್ವಿ ಅಂತಿಟ್ಕೊಳ್ಳಿ. ಅವ್ರು ಒಂದು ಸೋತ್ರೆ ಸಾಕು. ಮುಂದಿನ ಸುತ್ತಿಗೆ ಹೋದ್ರೆ ಅಕ್ಟೋಬರ್ ಪೂರ್ತಿ ಮ್ಯಾಚು. ನೀವು ಪ್ರತಿ ವಾರ ಬಂದ್ಬಿಡಿ ಮೇಷ್ಟ್ರೆ, ಒಬ್ನಿಗೆ ಉಪ್ಪಿಟ್ಟು ಮಾಡಿದ್ರೆ ಹದ ಬರಲ್ಲ."

ಸೋತರೆ ನಾನು ಬರುವುದಕ್ಕೆ ಕಾರಣ ಉಳಿಯುವುದಿಲ್ಲ, ಅವರು ಕರೆಯುವುದಕ್ಕೂ ಉಳಿಯುವುದಿಲ್ಲ. ಸುಮ್ಮನೆ ಬನ್ನಿ ಎನ್ನುವಷ್ಟು ಸಲುಗೆ ಇನ್ನೂ ಆಗಿರಲಿಲ್ಲ. ನಮ್ಮ ವಯಸ್ಸಿನ ಗಂಡಸರಿಗೆ ಸುಮ್ಮನೆ ಎಂಬ ಕಾರಣ ಸಾಲದು. ನಾನು ತೆರೆದ ಬಾಯಿಗೆ ಉಪ್ಪಿಟ್ಟು ಹಾಕಿಕೊಂಡು, ಸಾಧ್ಯತೆ ಇದೆ ಅಂದೆ. ದೇವರಿದ್ದಾನೆ ಎಂದವರ ಹತ್ತಿರ ಆಧಾರ ಕೇಳುವ ಮನುಷ್ಯನಾದ ನಾನು ಹೀಗೆ ಅಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಅನುಮಾನ ಶುರುವಾಯಿತು. ಜೀವಮಾನವಿಡೀ ಕಾಗದದ ಬಿಳುಪಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿದ ಕಣ್ಣು, ಪ್ರತಿ ವಾರ ಆ ಅಕ್ಷರಗಳನ್ನು ನೋಡದೆ ಇದ್ದೀತೆ? ಅನುಮಾನ ನನ್ನ ಕಸುಬು, ಹಾಗಾಗಿ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಅದರ ಮುಂದಿನ ಭಾನುವಾರ ಹೋದಾಗ, ಟಿವಿಯ ಮುಂದೆ ಮೊಮ್ಮಗಳ ಫೋಟೋ ನಿಂತಿತ್ತು. ಗೋಡೆಯ ಮೇಲಿರಬೇಕಾದ ಅಡ್ಡಗಲದ ಚೌಕಟ್ಟು. ಅದು ಪರದೆಯ ಕೆಳಗಿನ ನಾಲ್ಕು ಬೆರಳನ್ನು ಸರಿಯಾಗಿ ಮುಚ್ಚಿತ್ತು. ಹಲ್ಲು ಬರುವ ಮುಂಚೆ ತೆಗೆದ ಆ ಫೋಟೋದಲ್ಲಿ ಮಗು ಬೊಚ್ಚುಬಾಯಿ ತೆರೆದು ನಗುತ್ತಿತ್ತು; ಅದರ ತಲೆಯ ಮೇಲೆ ಎಡಗೈ ಬೌಲರ್ ಬೆನ್ನು ತುರಿಸಿಕೊಳ್ಳುತ್ತಿದ್ದ.

"ಫೋಟೋ ಇಲ್ಲಿಟ್ಟಿದೀನಿ, ಅಡ್ಡ ಆಗ್ತದಾ?" ಎಂದು ಅವರು ನನ್ನ ಮುಖ ನೋಡದೆ ಕೇಳಿದರು. ಇಲ್ಲ ಇಲ್ಲ, ಅಲ್ಲೇ ಚೆನ್ನಾಗಿದೆ ಅಂದೆ. ಅವರು ನೆಮ್ಮದಿಯಿಂದ ಕೂತರು. ನನಗೆ ಗೊತ್ತಾಗದಿರಲಿ ಎಂದು ಅವರು ಮುಚ್ಚಿದ್ದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗದಿರಲಿ ಎಂದು ನಾನು ಮುಖ ಬಿಗಿ ಹಿಡಿದೆ. ಆ ಪಂದ್ಯ ನಾವು ಗೆದ್ದೆವು. ಇಬ್ಬರೂ ಆಶ್ಚರ್ಯಪಟ್ಟೆವು. ಅವರ ಆಶ್ಚರ್ಯ ನನ್ನದಕ್ಕಿಂತ ಚೆನ್ನಾಗಿತ್ತು.

ಇವತ್ತು ಕೊನೆಯ ಪಂದ್ಯ. ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಮುಗಿದಿದೆ, ಒಂದು ರನ್ನಿಗೆ ಹಿಂದಿದ್ದೇವೆ. ಶಿವಮೂರ್ತಪ್ಪನವರು ಕಾಫಿ ಮಾಡಲು ಒಳಗೆ ಹೋದವರು ಲೋಟ ತೊಳೆಯುತ್ತಲೇ ಇದ್ದಾರೆ, ಈಚೆ ಬರುತ್ತಿಲ್ಲ. ಒಳಗಿನಿಂದಲೇ, ಏನನ್ಸುತ್ತೆ ಮೇಷ್ಟ್ರೆ, ಹೋಗ್ತೀವಾ ಮುಂದಿನ ಸುತ್ತಿಗೆ ಎಂದು ಕೇಳಿದರು. ಆಗಿಹೋದ ಸಂಗತಿಗೆ ಸಾಧ್ಯತೆ ಎಂಬ ಮಾತು ಸಲ್ಲುವುದಿಲ್ಲ ಎಂದು ನಾನು ವರ್ಷವೂ ಮೊದಲ ತರಗತಿಯಲ್ಲೇ ಹಲಗೆಯ ಮೇಲೆ ಬರೆಯುತ್ತೇನೆ, ಹುಡುಗರು ಬರೆದುಕೊಳ್ಳುತ್ತಾರೆ. ಹೋದ ವರ್ಷ ಒಂದು ರನ್ನಿನಿಂದ ಸೋತಿದ್ದೆವು ಎಂದು ನನ್ನ ನೆನಪು ಹೇಳುತ್ತದೆ, ನಿಜ. ಆದರೆ ಇದು ಬಿಸಿಲಲ್ಲಿ ಮಳೆ ಸುರಿಸಿದ ನೆನಪು. ಅದನ್ನೆಲ್ಲ ನಂಬುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ? ಹೋಗ್ತೀವಿ ಸಾರ್, ಬೇಗ ಬನ್ನಿ ಅಂದೆ.