ಬ್ಯಾಕಪ್ ಬಾಯಾರು

ಆಸ್ಪತ್ರೆಯಲ್ಲಿ ದಿನಾ ಯಾರಾದರೂ ಸಾಯುತ್ತಿರುತ್ತಾರೆ, ಕೆಲವೊಮ್ಮೆ ಯಂತ್ರಗಳೂ ಸಾಯುತ್ತವೆ. ಮನುಷ್ಯರು ಸತ್ತರೆ ಡಾಕ್ಟರನ್ನು ಕರೆಯುತ್ತಾರೆ, ಯಂತ್ರ ಸತ್ತರೆ ನನ್ನನ್ನು. ಸತ್ತದ್ದನ್ನು ಎಬ್ಬಿಸಿ ಕೂರಿಸುವುದು ನನ್ನ ಕೆಲಸವಾದ್ದರಿಂದ, ಅಂದುಕೊಳ್ಳದ ಪ್ರಸಂಗಗಳು ನನ್ನ ಪಾಲಿಗೆ ಬರುತ್ತಲೇ ಇರುತ್ತವೆ.

ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಖಾನಾಪುರದಿಂದ ಬೆಳಗಿನ ರೈಲಿಗೆ ಬಂದು ಸಂಜೆ ರೈಲಿಗೆ ತಿರುಗಿ ಹೋಗುತ್ತೇನೆ. ಖಾನಾಪುರದಲ್ಲೂ ನಮ್ಮದೊಂದು ಸಣ್ಣ ಶಾಖೆ ಇದೆ, ಅದೂ ನನ್ನ ಕೊರಳಿಗೇ. ಎಲ್ಲ ಯಂತ್ರಗಳ ನಕಲು ತೆಗೆದಿಡುವವಳು ಎಂದು ಎಲ್ಲರೂ ನನ್ನನ್ನು 'ಬ್ಯಾಕಪ್ ಬಾಯಾರು' ಅನ್ನುತ್ತಾರೆ; ನಮ್ಮ ಕಡೆ ಮೇಡಂ ಅಂದರೆ ಬಾಯಾರು. ಹೊಸದಾಗಿ ಬಂದ ಒಬ್ಬ ನರ್ಸ್ 'ಬ್ಯಾಕಪ್' ಅನ್ನುವುದು ನನ್ನ ಗಂಡನ ಮನೆತನದ ಅಡ್ಡಹೆಸರು ಎಂದೇ ತಿಳಿದಿದ್ದಳು.

ಒಂದು ವಾಡೆ, ಆರು ಒಲೆ

ವಿಮೆ ಕಂಪನಿಯ ಇನ್ಸ್‌ಪೆಕ್ಟರ್ ಒಬ್ಬರು ಆಸ್ಪತ್ರೆಯ ಸಾಮಾನುಗಳಿಗೆಲ್ಲ ಸ್ಟಿಕರ್ ಹಚ್ಚಲು ಬಂದರು. ನಮ್ಮಲ್ಲಿ ಆರು ಸರ್ವರ್ ಇವೆ ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು. ಕೋಣೆಯ ಬಾಗಿಲು ತೆಗೆದರೆ ಕಂಡದ್ದು ಒಂದೇ ಕರಿ ಪೆಟ್ಟಿಗೆ.

"ಉಳಿದ ಐದು ಎಲ್ಲಿ ಹೋದ್ವ್ರಿ?" ಎಂದರು ಇನ್ಸ್‌ಪೆಕ್ಟರ್, ಪೊಲೀಸರ ದನಿಯಲ್ಲಿ.

"ಎಲ್ಲಾ ಇದರೊಳಗ ಅದಾವ್ರಿ."

"ಹಂಗಾರ ಬಿಚ್ಚಿ ತೋರಿಸ್ರಿ."

"ಬಿಚ್ಚಿದ್ರ ಕಾಣಂಗಿಲ್ರಿ."

ಅವರ ಮುಖ ನೋಡಿ ನನಗೇ ನನ್ನ ಮೇಲೆ ಸಂಶಯ ಬಂತು. ದೊಡ್ಡ ವಾಡೆಯೊಂದರಲ್ಲಿ ಆರು ಸಂಸಾರ ಆರು ಒಲೆ ಹೂಡಿದ ಹಾಗೆ, ಈ ಒಂದು ಪೆಟ್ಟಿಗೆಯ ಶಕ್ತಿಯನ್ನು ಆರು ಪಾಲು ಮಾಡಿ ಆರು ಯಂತ್ರ ನಡೆಸುತ್ತಿದ್ದೇವೆ, ಪ್ರತಿಯೊಂದೂ ವಾಡೆಯೆಲ್ಲ ತನ್ನದೇ ಅಂದುಕೊಂಡಿದೆ ಎಂದು ವಿವರಿಸಿದೆ. ಒಂದು ಕಮಾಂಡ್ ಹೊಡೆದು ಪರದೆಯ ಮೇಲೆ ಆರೂ ಹೆಸರು ತೋರಿಸಿದೆ.

"ಬರೇ ಹೆಸರು ಅದಾವಲ್ರಿ. ಹೆಸರಿಗೆ ಸ್ಟಿಕರ್ ಹೆಂಗ ಹಚ್ಚಲಿ?"

ಕೊನೆಗೆ ಮ್ಯಾನೇಜರ್ ಹೇಳಿದ ಹಾಗೆ ಆರೂ ಸ್ಟಿಕರನ್ನು ಆ ಒಂದೇ ಪೆಟ್ಟಿಗೆಯ ಎದುರಿನ ಜಾಳಿಗೆ ಹಚ್ಚಿ ಕೆಳಗಿಳಿದು ಹೋದರು. ಗಾಳಿ ಆಡುವ ಜಾಳಿ ಮುಚ್ಚಿತು. ಅವರು ಕ್ಯಾಂಟೀನಿನಲ್ಲಿ ಊಟ ಮುಗಿಸುವುದರೊಳಗೆ ಪೆಟ್ಟಿಗೆ ಕಾದು ಕೆಂಡವಾಗಿ ತಾನೇ ಬಂದ್ ಆಯಿತು. ಔಷಧ ಅಂಗಡಿ, ಲ್ಯಾಬು, ಎಕ್ಸ್-ರೇ, ರಿಸೆಪ್ಷನ್ನು, ಎಲ್ಲ ಕಡೆಯಿಂದಲೂ ಕೂಗು. ನಾನು ಸ್ಟಿಕರ್ ಕೀಳುತ್ತಿದ್ದಾಗ ಇನ್ಸ್‌ಪೆಕ್ಟರ್ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಮೊದಲ ಸಲ ಅವರ ಮುಖದಲ್ಲಿ ನಂಬಿಕೆ ಕಂಡಿತು.

"ಖರೇನ ಆರೂ ಇದರೊಳಗ ಇದ್ದ್ವು ನೋಡ್ರಿ!"

ಟೆಸ್ಟ್

ನನಗಿಂತ ಮುಂಚೆ ಇದ್ದವರು, ಪೆಟ್ಟಿಗೆಯೊಳಗಿನ ಆ ಆರರಲ್ಲಿ ರಕ್ತಪರೀಕ್ಷೆಯ ವರದಿಗಳನ್ನು ಇಡುವ ಯಂತ್ರಕ್ಕೆ 'ಟೆಸ್ಟ್' ಎಂದು ಹೆಸರಿಟ್ಟಿದ್ದರು. ಆಸ್ಪತ್ರೆಯಲ್ಲಿ ಟೆಸ್ಟ್ ಅಂದರೆ ರಕ್ತ, ಮೂತ್ರ, ಕಫ. ಕಂಪ್ಯೂಟರಿನವರ ಬಾಯಲ್ಲಿ ಟೆಸ್ಟ್ ಅಂದರೆ ಪ್ರಯೋಗಕ್ಕೆ ಮಾಡಿ ಬಿಸಾಕುವ ಸಾಮಾನು. ಈ ಎರಡರ ನಡುವೆ ಒಂದು ಜೀವ ಹೋಗುವುದರಲ್ಲಿತ್ತು.

ಡಿಸ್ಕಿನಲ್ಲಿ ಜಾಗ ಸಾಲದೆ ಪುಣೆಯ ಎಂಜಿನಿಯರ್ ಒಬ್ಬನಿಗೆ ದೂರದಿಂದಲೇ ಸ್ವಚ್ಛ ಮಾಡಲು ಮ್ಯಾನೇಜರ್ ಹೇಳಿದ್ದರು. ಅವನು ಅಲ್ಲಿಂದಲೇ ಕಮಾಂಡ್ ಹೊಡೆದು ಹೆಸರುಗಳನ್ನು ನೋಡಿದ. 'ಟೆಸ್ಟ್' ಕಂಡಿತು. ಅಳಿಸಿದ. ನಾನು ಫೋನ್ ಮಾಡಿ ಕೂಗಿದಾಗ, "ತಾಯಿ, ಟೆಸ್ಟ್ ಅಂತ ಬರೆದ ಮೇಲೆ ಯಾರು ಇಟ್ಕೋತಾರೆ?" ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದ.

ಅಷ್ಟರಲ್ಲಿ ಐಸಿಯು ಡಾಕ್ಟರ್ ಮೆಟ್ಟಿಲಿಳಿದು ಓಡಿ ಬಂದರು. ಬಾಣಂತಿಯೊಬ್ಬಳ ರಕ್ತದ ವರದಿ ಆ ಯಂತ್ರದಲ್ಲಿತ್ತು. ಇನ್ನೊಮ್ಮೆ ರಕ್ತ ತೆಗೆದು ತಪಾಸಣೆ ಮಾಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ನಾನು ಬೆಳಗಿನ ನಕಲಿನಿಂದ ಯಂತ್ರವನ್ನು ಎಬ್ಬಿಸುವ ಕಮಾಂಡ್ ಹೊಡೆದೆ. ಇನ್ನು ಕಾಯುವುದು. ಸರ್ವರಿಗೆ ಎಪಿಐ ಎಂಬ ಒಂದು ಕಿಟಕಿ ಇರುತ್ತದೆ, ತಾಲ್ಲೂಕು ಕಚೇರಿಯ ಕಿಟಕಿಯಂತೆ. ಅದು ಬಯಸುವ ರೀತಿಯಲ್ಲೇ ಕೇಳಬೇಕು, ಕೇಳಿದ ಮೇಲೆ ನಿಂತಿರಬೇಕು. ನಾನು ಅದರ ಎದುರು, ಡಾಕ್ಟರ್ ನನ್ನ ಬೆನ್ನ ಹಿಂದೆ.

"ಇನ್ನೂ ಎಷ್ಟೈತ್ರಿ?"

"ಅರ್ಧ ಬಂದೈತ್ರಿ."

"ಬರ್ತೈತೋ ಇಲ್ಲೋ? ಖರೇ ಹೇಳ್ರಿ."

ನನ್ನ ಕಣ್ಣು ಪರದೆಯ ಮೇಲಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಮ್ಮ ಪ್ರಯತ್ನ ನಾವು ಮಾಡಾಕತ್ತೀವ್ರಿ. ಉಳಿದದ್ದು ದೇವರ ಕೈಯಾಗೈತಿ."

ಯಂತ್ರ ಎದ್ದಿತು, ವರದಿ ಸಿಕ್ಕಿತು, ಆ ಬಾಣಂತಿ ಮುಂದೆ ಕೂಸನ್ನೆತ್ತಿಕೊಂಡು ಮನೆಗೆ ಹೋದಳು. ಆದರೆ ನನ್ನ ಮಾತು ಕೇಳಿದ ಕ್ಷಣ ಡಾಕ್ಟರ ಮುಖ ಹೇಗೆ ಬಿಳಿಚಿತು ಎನ್ನುವುದನ್ನು ನಾನು ಮರೆತಿಲ್ಲ. ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತರು.

"ಬಾಯಾರ, ಆ ಮಾತೊಂದು ಅನಬ್ಯಾಡ್ರಿ. ಅದನ್ನ ಯಾವಾಗ ಅಂತೀವಿ ಅಂತ ನನಗ ಗೊತ್ತೈತಿ."

ತಂಪು ಜಾಗ

ಖಾನಾಪುರ ಶಾಖೆಯ ಮೇಲ್ವಿಚಾರಕರು ಬಹಳ ವಿಧೇಯ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಾರೆ, ಅದೇ ತೊಂದರೆ. ಅವರಿಗೆ ನಾನು, "ಬ್ಯಾಕಪ್ ಡಿಸ್ಕ್ ಯಂತ್ರದ ಬಾಜು ಇಡಬ್ಯಾಡ್ರಿ. ಬ್ಯಾರೆ ಕಡೆ, ತಂಪ ಇರೋ ಜಾಗಾದಾಗ ಇಡ್ರಿ. ಕಳ್ಳರು ಹೋಗಬಾರದು, ಇಲಿ ಹೋಗಬಾರದು," ಎಂದು ಹೇಳಿದ್ದೆ.

ಮಳೆಗಾಲದಲ್ಲಿ ಒಂದು ದಿನ ಸಿಡಿಲು ಬಡಿದು ಅಲ್ಲಿಯ ಸರ್ವರ್ ಸುಟ್ಟಿತು. ಹೊಸ ಪೆಟ್ಟಿಗೆ ಹಿಡಿದು ಹೋದೆ.

"ಡಿಸ್ಕ್ ಎಲ್ಲೈತ್ರಿ?"

"ಭಾಳ ಸುರಕ್ಷಿತ ಐತ್ರಿ, ಬರ್ರಿ," ಎಂದು ಅವರು ಹಿತ್ತಲ ಕಡೆ ನಡೆದರು. ಕಬ್ಬಿಣದ ಬಾಗಿಲಿನ ಎದುರು ನಿಂತಾಗ ನನಗೆ ಅರ್ಥವಾಯಿತು. ಅದು ಹೆಣ ಇಡುವ ಕೋಣೆ.

"ಇಲ್ಲಿ?"

"ನೀವ ಹೇಳಿದ್ರಲ್ಲ? ತಂಪೈತಿ, ಇಲಿ ಇಲ್ಲ, ಕಳ್ಳ ಅಂತೂ ಬರೂದ ಇಲ್ಲ. ಈಗ ಒಳಗ ಒಬ್ರು ಅದಾರ. ಅವರದೇನು ತಕರಾರಿಲ್ರಿ."

ತಂಪುಪೆಟ್ಟಿಗೆಯ ಮೂಲೆಯಲ್ಲಿ, ಬಿಳಿ ಬಟ್ಟೆ ಹೊದ್ದ ಪಾದಗಳ ಪಕ್ಕ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಡಿಸ್ಕ್ ಇತ್ತು. ಕಣ್ಣು ಮುಚ್ಚಿ ಕೈ ಹಾಕಿ ತೆಗೆದುಕೊಂಡೆ. ಹೊರಗೆ ಬಂದರೆ ಬಾಗಿಲಲ್ಲೇ ಒಬ್ಬ ಮುದುಕ. ಒಳಗಿದ್ದವರ ತಮ್ಮ, ಗಾಡಿಗಾಗಿ ಕಾಯುತ್ತಿದ್ದ. ನನ್ನ ಕೈಯಲ್ಲಿನ ಪ್ಲಾಸ್ಟಿಕ್ ಗಂಟು ನೋಡಿ ಅವನು ಅಡ್ಡ ಬಂದು ನಿಂತ.

"ನಮ್ಮಣ್ಣನ ಹೊಟ್ಟ್ಯಾಗಿಂದ ಏನ ತಗದ್ರವ್ವಾ?"

ಸುತ್ತ ಇದ್ದ ನಾಲ್ಕು ಜನ ತಿರುಗಿ ನೋಡಿದರು. ನಾನು ಗಡಬಡಿಸಿ ಗಂಟು ಬಿಚ್ಚಿ ತೋರಿಸಿದೆ. "ಅಜ್ಜಾರ, ಇದು ಅವರದಲ್ರಿ, ದವಾಖಾನಿದು. ಇದರಾಗ ದವಾಖಾನಿ ನೆನಪೆಲ್ಲಾ ಇಟ್ಟೀವಿ."

ಥಂಡಿಯಿಂದ ಹೊರಬಂದ ಡಿಸ್ಕಿಗೆ ಬೆವರು ಒಡೆದಿತ್ತು. ಅದು ಒಣಗುವ ತನಕ ಯಂತ್ರಕ್ಕೆ ಹಚ್ಚುವಂತಿಲ್ಲ. ಮುದುಕನ ಗಾಡಿಯೂ ಬಂದಿರಲಿಲ್ಲ. ಡಿಸ್ಕನ್ನು ಕಟ್ಟೆಯ ಮೇಲಿಟ್ಟು ನಾವಿಬ್ಬರೂ ಪಕ್ಕಪಕ್ಕ ಕೂತೆವು. ಮೇಲ್ವಿಚಾರಕರು ಚಹಾ ತರಿಸಿದರು. ಮುದುಕ ಬಸಿಯಲ್ಲಿ ಚಹಾ ಸುರುವಿಕೊಂಡು ಬಹಳ ಹೊತ್ತು ಆ ಡಿಸ್ಕನ್ನೇ ನೋಡುತ್ತಿದ್ದ.

"ಖರೇ ಐತಿ ತಂಗಿ, ಇದು ನಮ್ಮಣ್ಣಂದಲ್ಲ," ಎಂದ ಕೊನೆಗೆ. "ನೆನಪು ಐತಿ ಅಂದಿ. ಅಂವಗ ಎರಡು ವರ್ಷದಿಂದ ನನ್ನ ಹೆಸರ ಸುದ್ದಾ ನೆನಪಿರಲಿಲ್ಲ."

ಎರಡನೇ ಸಲ

ನಮ್ಮ ದೊಡ್ಡ ಡಾಕ್ಟರಿಗೆ ಒಂದು ಹುಕ್ಕಿ ಬಂದಿತ್ತು. ರೋಗಿಯ ಮನೆಯವರು ರಿಸೆಪ್ಷನ್ನಿನಲ್ಲಿ ಮುತ್ತಿಗೆ ಹಾಕುವುದನ್ನು ತಪ್ಪಿಸಲು, ಅವರ ಮೊಬೈಲಿಗೆ ದಿನಾ ಬೆಳಿಗ್ಗೆ ತಾನಾಗಿಯೇ ಒಂದು ಸಂದೇಶ ಹೋಗಬೇಕು. ರೋಗಿಯ ಹೆಸರು, ಹಾಸಿಗೆ, ಸ್ಥಿತಿ, ಭೇಟಿಯ ಸಮಯ. ಹಾಗೆಯೇ ಮಾಡಿದ್ದೆವು, ಜನಕ್ಕೂ ಒಳ್ಳೆಯದಾಗಿತ್ತು.

ಒಂದು ದಿನ ಬೆಳಿಗ್ಗೆ ಹೋದರೆ ಆಸ್ಪತ್ರೆಯ ಮುಖ್ಯ ಯಂತ್ರದ ಡಿಸ್ಕ್ ಸತ್ತಿತ್ತು. ತೀರ ಈಚಿನ ನಕಲನ್ನು ತೆರೆದು ನೋಡಿದೆ, ಅರ್ಧಕ್ಕೇ ನಿಂತಿತ್ತು. ಅದರ ಹಿಂದಿನದು ಗಟ್ಟಿಯಾಗಿತ್ತು, ಆದರೆ ಎರಡು ದಿನ ಹಳೆಯದು. ಅದನ್ನೇ ಎಬ್ಬಿಸಿದೆ. "ಈ ಎರಡು ದಿನದಾಗ ಬಂದವರು, ಹೋದವರು, ಎಲ್ಲಾ ಮತ್ತ ಹಾಕಬೇಕ್ರಿ," ಎಂದು ರಿಸೆಪ್ಷನ್ನಿನ ಬಾಯಾರಿಗೆ ಹೇಳಿದೆ. ಅವರು ಹಾಕಲು ಶುರುಮಾಡುವುದಕ್ಕೆ ಮುಂಚೆಯೇ ಯಂತ್ರ ತನ್ನ ಧರ್ಮ ಪಾಲಿಸಿ ಸಂದೇಶಗಳನ್ನು ಕಳಿಸಿಬಿಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ರಿಸೆಪ್ಷನ್ ಬಾಯಾರ ಫೋನು. ದನಿ ಪಿಸುಗುಟ್ಟುತ್ತಿತ್ತು. "ಬಾಯಾರ, ಲಗೂ ಕೆಳಗ ಬರ್ರಿ. ಸತ್ತವರನ್ನ ಭೇಟಿ ಆಗಾಕ ಮನಿಯವರು ಬಂದಾರ."

ನಂದಗಡದಿಂದ ಬಂದ ತಾಯಿ, ಮಗ. ಮಗನ ಕೈಯಲ್ಲಿ ಮೊಬೈಲು, ಹಣೆಯ ಮೇಲೆ ವಿಭೂತಿ, ಕಣ್ಣು ಕೆಂಪು. ಅವನು ಸಂದೇಶವನ್ನು ನನ್ನ ಮುಖಕ್ಕೆ ಹಿಡಿದ. ರೋಗಿಯ ಸ್ಥಿತಿ ಸ್ಥಿರವಾಗಿದೆ, ಸಂಜೆ ಭೇಟಿಗೆ ಬರಬಹುದು ಎಂದಿತ್ತು.

"ಸ್ಥಿರ ಇರದ ಏನ ಮಾಡ್ತಾನ್ರಿ ನಮ್ಮಪ್ಪ? ನಿನ್ನೆ ನಾವ ಮಣ್ಣು ಕೊಟ್ಟು ಬಂದೀವಿ!"

ತಾಯಿ ಸೆರಗಿನ ಕೆಳಗೆ ಏನನ್ನೋ ಹಿಡಿದುಕೊಂಡಿದ್ದರು. ಕೂರಲು ಹೇಳಿದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡರು. ಗಂಜಿಯ ಡಬ್ಬಿ. ನಾನು ಅದನ್ನು ನೋಡಿದ್ದು ಅವರಿಗೆ ತಿಳಿಯಿತು.

"ನನಗೂ ಗೊತ್ತೈತಿ ತಂಗಿ," ಎಂದರು. "ನನ್ನ ಕೈಲೇ ಮಣ್ಣು ಹಾಕೀನಿ. ಆದ್ರ ದವಾಖಾನಿಯವರ ಕಳಿಸ್ಯಾರ ಅಂದಮ್ಯಾಲೆ, ಒಮ್ಮೆ ನೋಡಿ ಬರೂಣು ಅನಿಸ್ತು. ಬರಿಗೈಲೆ ಹೆಂಗ ಬರ್ಲಿ?"

ನಾನು ಅವರ ಪಕ್ಕ ಕೂತು, ಯಂತ್ರ ಕೆಟ್ಟದ್ದನ್ನೂ ಹಳೆಯ ನಕಲು ಹಚ್ಚಿದ್ದನ್ನೂ ಹೇಳಿದೆ. "ಆ ದಿನ ಅಜ್ಜಾರು ಇನ್ನೂ ಇದ್ರಲ್ರಿ. ಅದಕ್ಕ ಯಂತ್ರಕ್ಕ ಮುಂದಿಂದು ಗೊತ್ತಿಲ್ಲ."

"ಅಂದ್ರ ಅದರೊಳಗ ಅಂವ ಇನ್ನೂ ಅದಾನ?"

"ಅದಾರ್ರಿ."

"ಆರಾಮ ಅದಾನ?"

"ಸ್ಥಿರ ಅಂತೈತ್ರಿ," ಎಂದೆ. ಅವರು ತಲೆಯಾಡಿಸಿ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದರು. ಮಗ ಗೋಡೆಯ ಕಡೆ ತಿರುಗಿ ನಿಂತ.

ಅಷ್ಟರಲ್ಲಿ ಮ್ಯಾನೇಜರ್ ಧಾವಿಸಿ ಬಂದರು, ಹಿಂದೆ ದೊಡ್ಡ ಡಾಕ್ಟರು. ಅಜ್ಜನ ಹಾಸಿಗೆಯ ಮೇಲೆ ಹೊಸ ರೋಗಿಯನ್ನು ಆಗಲೇ ಮಲಗಿಸಿದ್ದರು. ಆದರೆ ಯಂತ್ರದ ಲೆಕ್ಕದಲ್ಲಿ ಆ ಹಾಸಿಗೆ ಖಾಲಿ ಇಲ್ಲ. ಆದ್ದರಿಂದ ಹೊಸಬನಿಗೆ ಅದು ಔಷಧ ಕೊಡಿಸುತ್ತಿರಲಿಲ್ಲ. ಅಜ್ಜನ ಮರಣವನ್ನು ಡಾಕ್ಟರು ತಮ್ಮ ಹೆಸರಿನಲ್ಲಿ ಮತ್ತೆ ನಮೂದಿಸಿದರೆ ಮಾತ್ರ ದಾರಿ ಬಿಡುತ್ತಿತ್ತು. ಪಕ್ಕದಲ್ಲಿ ಕೂತವರು ಯಾರೆಂದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ಜೋರಾಗಿಯೇ ಅಂದರು:

"ಸಾಹೇಬ್ರ, ಆ ನಂದಗಡದ ಅಜ್ಜ ಜಾಗಾ ಬಿಡಾಕ ತಯಾರಿಲ್ರಿ. ನೀವ ಬಂದು ಇನ್ನೊಮ್ಮೆ ಸಾಯಿಸಿದ್ರ ಪಾರಾಗ್ತೀವಿ!"

ರಿಸೆಪ್ಷನ್ ಬಾಯಾರು ತಾಯಿ-ಮಗನನ್ನು ಕಣ್ಣಲ್ಲೇ ತೋರಿಸಿದಾಗ ಮ್ಯಾನೇಜರ್ ಇದ್ದಲ್ಲೇ ಕಲ್ಲಾದರು. ಡಾಕ್ಟರು ತಲೆ ತಗ್ಗಿಸಿ ಕೈ ಮುಗಿದರು. ಮಗ ಮುಷ್ಟಿ ಬಿಗಿದು ಒಂದು ಹೆಜ್ಜೆ ಮುಂದೆ ಬಂದ. ತಾಯಿ ಅವನ ಅಂಗಿಯ ತುದಿ ಹಿಡಿದು ಹಿಂದಕ್ಕೆ ಎಳೆದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮೊದಲ ಸಲ ಅವರ ತುಟಿಯ ಅಂಚಿನಲ್ಲಿ ಏನೋ ಸಡಿಲವಾಯಿತು.

"ಅದು ಆಗೂ ಮಾತಲ್ಲ ಬಿಡ್ರಿ ಡಾಕ್ಟರ," ಎಂದರು. "ಒಂದ ಸಲ ಸಾಯಾಕ ಊರ ಮಂದೀಗೆಲ್ಲಾ ಅಷ್ಟು ತ್ರಾಸ ಕೊಟ್ಟಾಂವ, ಎರಡನೇ ಸಲ ನಿಮ್ಮ ಮಾತಿಗೆ ಸುಮ್ನ ಸಾಯ್ತಾನಂತ ತಿಳದೀರೇನು?"