ಕಿಟಕಿಯಾಚೆಯ ಇಂಗ್ಲಿಷ್

ಇಂಗ್ಲಿಷ್ ಪದ ಕಲಿಸುವುದಕ್ಕೆ ಕನ್ನಡ ಬೇಕಾಗಿಯೇ ಇಲ್ಲ, ವಸ್ತುವನ್ನು ತೋರಿಸಿ ಪದ ಹೇಳಿದರೆ ಸಾಕು ಎಂದು ಮೈಸೂರಿನ ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಇಷ್ಟು ಸುಲಭದ ಕೆಲಸಕ್ಕೆ ಸರ್ಕಾರ ಸಂಬಳ ಬೇರೆ ಕೊಡುತ್ತದಲ್ಲ ಎಂದು ಮರುಗುತ್ತಲೇ ನಾನು ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ಬಂದು ಸೇರಿದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೆ ಮದುವೆ ಮಾಡಿಸಿದವರು ಚಾಮರಾಜನಗರದ ನನ್ನ ಮಾವನವರಿಗೆ ಖಾಯಂ ಆಗಿಯೇಬಿಟ್ಟಿದೆ ಎಂದು ಹೇಳಿದ್ದರು. ಇನ್ಸ್‌ಪೆಕ್ಟರು ಬಂದು ನನ್ನ ಪಾಠ ಕೇಳಿ ಒಂದು ಒಳ್ಳೆಯ ಮಾತು ಬರೆದರೆ ಮಾತ್ರ ಆ ಸುಳ್ಳು ನಿಜವಾಗುತ್ತಿತ್ತು.

ಕಲ್ಲು, ಕಾಗೆ, ಊಟಿ ರಸ್ತೆಯಲ್ಲಿ ಧೂಳೆಬ್ಬಿಸುವ ಬಸ್ಸು, ಎಲ್ಲವನ್ನೂ ತೋರಿಸಿದೆ. ಹುಡುಗರು ಕಲಿತರು. ತೊಡಕು ಬಂದದ್ದು ಗುಣಗಳಲ್ಲಿ. ಕೋಪವನ್ನು ತಂದು ಮೇಜಿನ ಮೇಲೆ ಇಡುವುದು ಹೇಗೆ? ನಾನೇ ಹಲ್ಲು ಕಡಿದು ತೋರಿಸಿದೆ. ಹುಡುಗರು ನಕ್ಕರು.

ತರಗತಿಯ ಕಿಟಕಿಯಿಂದ ನಮ್ಮ ಮನೆಯ ಹಿತ್ತಲು ಕಾಣುತ್ತಿತ್ತು. ದೇವರೇ ಒದಗಿಸಿದಂತೆ ಅಲ್ಲಿ ನನ್ನ ಹೆಂಡತಿ ಶಾರದೆ, ಸೌದೆ ತಂದಿದ್ದ ಹಂಗಳದ ಮುದುಕನ ಬೆವರಿಳಿಸುತ್ತಿದ್ದಳು.

“ಹಸಿ ಸೌದೆ ತಂದು ಹಾಕಿದ್ದೀಯಲ್ಲ, ಹೊಗೆ ಕುಡಿದು ಸಾಯಬೇಕಾ ನಾನು?”

“ಮ್ಯಾಲೆಲ್ಲ ಒಣಗದೆ ಕಣವ್ವ. ಒಳಗ್ಮಾತ್ರ ವಸಿ ಅಸಿ.”

ಶಾರದೆ ಸೌದೆಯನ್ನೇ ಕೈಗೆತ್ತಿಕೊಂಡಳು. ನಾನು ಕಿಟಕಿಯತ್ತ ಬೆರಳು ಚಾಚಿ, “ಆಂಗ್ರಿ!” ಎಂದೆ. ಇಡೀ ತರಗತಿ, “ಆಂಗ್ರಿ!” ಎಂದಿತು. ಅದೇ ಹುರುಪಿನಲ್ಲಿ ಮಧ್ಯಾಹ್ನ, ಜಗಲಿಯ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಹೆಡ್‌ಮೇಷ್ಟ್ರನ್ನು ತೋರಿಸಿ, “ಲೇಜಿ” ಎಂಬ ಪದವನ್ನೂ ಮುಗಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವಾರ ಕಳೆಯುವುದರೊಳಗೆ ಮೊದಲ ಆಘಾತ. ಶಾರದೆ ಸಂತೆಯಿಂದ ಬಹಳ ಸಂತೋಷವಾಗಿ ಬಂದಳು. ದಾರಿಯಲ್ಲಿ ಸಿಕ್ಕ ಹುಡುಗರೆಲ್ಲ ಕೈಮುಗಿದು, “ನಮಸ್ಕಾರ ಆಂಗ್ರಮ್ಮಾರೆ” ಎಂದರಂತೆ. ನಾನು ತೋರಿಸಿದ್ದು ಕೋಪವನ್ನು, ಹುಡುಗರು ನೋಡಿದ್ದು ಇವಳನ್ನು!

“ಏನ್ರೀ ಹಾಗಂದ್ರೆ?” ಎಂದು ಕೇಳಿದಳು.

“ಮೇಷ್ಟ್ರ ಹೆಂಡತಿ ಅಂತ” ಎಂದುಬಿಟ್ಟೆ. ನನ್ನ ತರಗತಿಯ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಅವಳು ಆ ಬಿರುದನ್ನು ಬೀದಿಗೆಲ್ಲ ಹಂಚಿ ಬಂದಳು. ಮನೆಯ ಮಾಲೀಕರ ತಾಯಿಯೂ ಹಾಗೆಯೇ ಕರೆಯತೊಡಗಿದರು.

ಕೊನೆಗೂ ಇನ್ಸ್‌ಪೆಕ್ಟರು ಬಂದರು. ಕಲ್ಲು, ಕಾಗೆ ಎಲ್ಲ ಸುಸೂತ್ರವಾಗಿ ನಡೆದವು. ಆಮೇಲೆ ಅವರು, ಲೇಜಿ ಎಂದರೇನು ಎಂದು ಕೇಳಿದರು. ಜರಿಪೇಟ ಸುತ್ತಿಕೊಂಡು ಅವರ ಪಕ್ಕದಲ್ಲೇ ನಿಂತಿದ್ದ ಹೆಡ್‌ಮೇಷ್ಟ್ರ ಕಡೆಗೆ ಅಷ್ಟೂ ಬೆರಳುಗಳು ಎದ್ದವು.

“ಇವ್ರೆಯಾ ಸಾ, ನಮ್ ಎಡ್‌ಮೇಷ್ಟ್ರು” ಎಂದ ಮುಂದಿನ ಸಾಲಿನ ಮಾದೇವ.

ಹೆಡ್‌ಮೇಷ್ಟ್ರು ನನ್ನನ್ನೇ ನೋಡಿದರು. ಅವರನ್ನು ಅಷ್ಟು ಎಚ್ಚರವಾಗಿ ನಾನೆಂದೂ ಕಂಡಿರಲಿಲ್ಲ. ಇನ್ಸ್‌ಪೆಕ್ಟರು ಮುಂದಕ್ಕೆ, ಆಂಗ್ರಿ ಎಂದರು. ಬೆರಳುಗಳೆಲ್ಲ ಕಿಟಕಿಯತ್ತ ತಿರುಗಿದವು. ಪುಣ್ಯಕ್ಕೆ ಹಿತ್ತಲಲ್ಲಿ ಯಾರೂ ಇರಲಿಲ್ಲ. ಶಾರದೆ ಒಳಗೆ ಇದೇ ಇನ್ಸ್‌ಪೆಕ್ಟರಿಗೆ ಅಡುಗೆ ಮಾಡುತ್ತಿದ್ದಳು. ಅವರಿಗೆ ಏನೂ ಅರ್ಥವಾಗಲಿಲ್ಲ, ನಾನು ಬದುಕಿದೆ.

ಆ ಬದುಕು ಊಟದವರೆಗೆ ಮಾತ್ರ ಇತ್ತು. ಇನ್ಸ್‌ಪೆಕ್ಟರು, ಹೆಡ್‌ಮೇಷ್ಟ್ರು, ನಾನು ಎಲೆಯ ಮುಂದೆ ಕೂತಿದ್ದೆವು. ಶಾರದೆ ಹುಳಿಯ ಪಾತ್ರೆ ಹಿಡಿದು ಬಂದವಳು, ನನಗೆ ತಿಳಿಯದಂತೆ ಹುಡುಗರಿಂದ ಕಲಿತಿದ್ದ ವಾಕ್ಯವನ್ನು ನಾಚಿಕೊಂಡು ಹೇಳಿದಳು.

“ಐ ಆಮ್ ಆಂಗ್ರಿ.”

ಇನ್ಸ್‌ಪೆಕ್ಟರ ಕೈಯ ತುತ್ತು ಕೈಯಲ್ಲೇ ನಿಂತಿತು. “ಯಾಕಮ್ಮ, ನನ್ನಿಂದ ಏನಾದರೂ ತಪ್ಪಾಯಿತೆ?” ಎಂದರು ಗಾಬರಿಯಿಂದ.

ಶಾರದೆ ನಗುತ್ತ, ಊರಲ್ಲೆಲ್ಲ ತನಗೆ ಅದೇ ಹೆಸರೆಂದೂ, ಹುಡುಗರಿಗೆ ಕಲಿಸಿದವರು ಇವರೇ ಎಂದೂ ಹೇಳಿದಳು. ನಾನು ಎಲೆಯೊಳಗೆ ತಲೆ ಹುದುಗಿಸಿದೆ. ಇಂಥ ಮುಹೂರ್ತಕ್ಕೇ ಕಾದಿದ್ದ ಹೆಡ್‌ಮೇಷ್ಟ್ರು ಅಚ್ಚಕನ್ನಡದಲ್ಲಿ ಅನುವಾದ ಒದಗಿಸಿದರು.

“ಸಿಡುಕಿ ಅಂತ ಅರ್ಥ ಕಣಮ್ಮ.”

ಶಾರದೆ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ನನ್ನತ್ತ ತಿರುಗಿದಳು. ಆ ಮುಖವನ್ನು ಒಮ್ಮೆ ನೋಡಿದ ಇನ್ಸ್‌ಪೆಕ್ಟರು, “ಹುಡುಗರು ಕಿಟಕಿಯಲ್ಲಿ ಏನು ತೋರಿಸುತ್ತಿದ್ದರು ಅಂತ ಈಗ ಗೊತ್ತಾಯಿತು ಮೇಷ್ಟ್ರೆ. ಪಾಠ ಚೆನ್ನಾಗಿದೆ. ಖಾಯಂ ಮಾಡಲು ಬರೆಯುತ್ತೇನೆ” ಎಂದು ಬೇಗ ಬೇಗ ಊಟ ಮುಗಿಸಿ, ಮೈಸೂರು ಬಸ್ಸು ಹತ್ತಿಬಿಟ್ಟರು.

ಕೆಲಸ ಉಳಿಯಿತು. ಆದರೆ ಶಾರದೆ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ಎಂಜಲು ಪಾತ್ರೆಗಳನ್ನೆಲ್ಲ ಹೊತ್ತು ನಾನು ಹಿತ್ತಲ ಬಾವಿಕಟ್ಟೆಗೆ ಹೋಗಿ, ಪಂಚೆ ಎತ್ತಿಕಟ್ಟಿ, ಬೂದಿ ಹಾಕಿ ಉಜ್ಜತೊಡಗಿದೆ. ಶಾಲೆಯ ಗಂಟೆ ಹೊಡೆಯಿತು. ನನ್ನ ತರಗತಿಗೆ ಮೇಷ್ಟ್ರಿಲ್ಲವಲ್ಲ ಎಂದು ತಲೆಯೆತ್ತಿದರೆ, ಎಂದೂ ಮಧ್ಯಾಹ್ನ ಕುರ್ಚಿ ಬಿಟ್ಟು ಏಳದ ಹೆಡ್‌ಮೇಷ್ಟ್ರು ಕಿಟಕಿಯ ಬಳಿ ನಿಂತಿದ್ದರು. ಒಂದೂ ಕನ್ನಡ ಪದ ಬಳಸದೆ, ನನ್ನತ್ತ ಬೆರಳು ಚಾಚಿ ಹೊಸ ಪದವೊಂದನ್ನು ಹೇಳಿಕೊಟ್ಟರು.

ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: “ಫೂಲ್!”

ಉಚ್ಚಾರಣೆಯಲ್ಲಿ ಒಂದು ತಪ್ಪೂ ಇರಲಿಲ್ಲ.