ಚಿತ್ರಬುತ್ತಿಯ ಹತ್ತೊಂಬತ್ತನೆಯ ದೋಷ

ಮೂವತ್ತು ವರ್ಷ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ನಿವೃತ್ತರಾದ, ಅಮೆರಿಕದ ಪಾರ್ಸಿಪನಿ ಊರಿನ ಪ್ರಾಣೇಶರಿಗೆ ಮನೆಯಲ್ಲಿ ಸಿಕ್ಕುವ ತಪ್ಪುಗಳು ಸಾಲುತ್ತಿರಲಿಲ್ಲ. (ಇದ್ದವೆಲ್ಲವೂ ಅವರವೇ ಎಂದು ಹೆಂಡತಿ ಪದ್ಮಜಾ ಎಂದೋ ಪತ್ತೆ ಮಾಡಿದ್ದರು.) ಹೀಗಿರುವಾಗ ಕನ್ನಡ ಕೂಟದವರು, "ಹಳೇ ಕನ್ನಡ ಸಿನಿಮಾಗಳದ್ದೇ ಒಂದು ಆ್ಯಪ್ ಬಂದಿದೆ, 'ಚಿತ್ರಬುತ್ತಿ' ಅಂತ. ಮೆಂಬರ್ಸ್‌ಗೆ ಹೇಳಬಹುದಾ, ಸ್ವಲ್ಪ ನೋಡ್ತೀರಾ?" ಎಂದು ಕೇಳಿದಾಗ, ಅವರು ಪಟ್ಟಾಭಿಷೇಕಕ್ಕೆ ಹೊರಟವರಂತೆ ಕನ್ನಡಕ ಒರೆಸಿಕೊಂಡರು.

ಆ್ಯಪ್ ಫೋನಿನಲ್ಲಿ ಮಾತ್ರ ಓಡುತ್ತಿತ್ತು, ಟಿ.ವಿ.ಗೆ ಬರುತ್ತಿರಲಿಲ್ಲ. ಅಂಗೈಯಗಲದ ಚಿತ್ರವನ್ನು ಇಬ್ಬರೂ ನೋಡಬೇಕಾದರೆ ಅಂಟಿಕೊಂಡೇ ಕೂರಬೇಕು. ಇಷ್ಟು ವರ್ಷ ಸೋಫಾದ ಆ ತುದಿಯಲ್ಲಿ ಐಪ್ಯಾಡಿನೊಡನೆ ವಾಸವಾಗಿದ್ದ ಪದ್ಮಜಾ ಮೊದಲ ದಿನವೇ ಈ ತುದಿಗೆ ವಲಸೆ ಬಂದರು.

"ರೀ, ಹೀರೋಯಿನ್ ಮುಖ ಅರ್ಧ ನಿಮ್ಮ ಹೆಬ್ಬೆರಳ ಕೆಳಗಿದೆ."

"ತಡಿಯೇ, ಸಬ್‌ಟೈಟಲ್ ಎರಡು ಸೆಕೆಂಡ್ ಲೇಟ್. ಬರ್ಕೋಬೇಕು."

"ಮೈಸೂರಿನವರಿಗೆ ಕನ್ನಡ ಸಿನಿಮಾಕ್ಕೆ ಸಬ್‌ಟೈಟಲ್ ಯಾಕ್ರೀ?"

"ಇದು ಟೆಸ್ಟಿಂಗ್ ಕಣೇ."

"ನನಗೆ ಅಳು ಬರ್ತಿದೆ, ನಿಮಗೆ ಟೆಸ್ಟಿಂಗ್," ಎಂದು ಪದ್ಮಜಾ ಅವರ ತೋಳಿಗೇ ಕಣ್ಣೊರೆಸಿಕೊಂಡರು. ಪ್ರಾಣೇಶರು ಜೋಮು ಹಿಡಿದರೂ ಆ ತೋಳನ್ನು ಅಲುಗಿಸಲಿಲ್ಲ.

ಹತ್ತು ದಿನ, ಹತ್ತು ಸಿನಿಮಾ. ಆದರೆ ಅಭ್ಯಾಸಬಲ ಬಿಡಬೇಕಲ್ಲ. ಹದಿನೆಂಟು ದೋಷಗಳ ಮಹಾವರದಿ ಕೂಟಕ್ಕೂ ಕಂಪನಿಗೂ ಹೋಯಿತು. ಮೊದಲನೆಯದು: 'ಟಿ.ವಿ.ಯಲ್ಲಿ ಬಾರದು. ಅಕ್ಷಮ್ಯ.'

ಕಂಪನಿಯವರು ಸಜ್ಜನರು. ಮೂರೇ ವಾರದಲ್ಲಿ ಎಲ್ಲವನ್ನೂ ತಿದ್ದಿ, ಕೃತಜ್ಞತೆಯ ಪತ್ರವನ್ನೂ ಬರೆದರು.

ಶನಿವಾರ ಮಧ್ಯಾಹ್ನ ಅರವತ್ತೈದು ಇಂಚಿನ ಟಿ.ವಿ.ಯಲ್ಲಿ ಚಿತ್ರಬುತ್ತಿ ಬಿಚ್ಚಿಕೊಂಡಿತು. ಪದ್ಮಜಾ ಗೆಳತಿಯರಾದ ಉಷಾ, ತಾರಿಣಿಯರನ್ನು ಕರೆದಿದ್ದರು. ಸೋಫಾ ತುಂಬಿತು. ಪ್ರಾಣೇಶರ ಪಾಲಿಗೆ ಊಟದ ಮೇಜಿನ ಕುರ್ಚಿ ಬಂತು.

"ಅಂತೂ ಟಿ.ವಿ.ಗೆ ತರಿಸಿಬಿಟ್ರಿ. ಗ್ರೇಟ್ ಜಾಬ್," ಎಂದರು ಉಷಾ.

"ಅವರು ಅಂದ್ಕೊಂಡಿದ್ದು ಬಿಡ್ತಾರೇನ್ರೀ," ಎಂದರು ಪದ್ಮಜಾ, ಟಿ.ವಿ.ಯಿಂದ ಕಣ್ಣು ಕೀಳದೆ, ತುಂಬು ಹೆಮ್ಮೆಯಿಂದ. "ರೀ, ಹಾಗೇ ಕಾಫಿಗೆ ಹಾಲಿಡಿ."

ಅಳುವ ಘಟ್ಟ ಬಂತು. ಪದ್ಮಜಾ ಟಿಶ್ಯೂ ಎಳೆದುಕೊಂಡರು. ಅಡುಗೆಮನೆಯಿಂದ ಅದನ್ನು ಕಂಡ ಪ್ರಾಣೇಶರು ಹಾಲನ್ನು ಒಲೆಯ ಮೇಲಿಟ್ಟು, ಫೋನಿನಲ್ಲಿ ಕಂಪನಿಗೆ ಬರೆದರು: 'ದೋಷ ಹತ್ತೊಂಬತ್ತು: ಮೊದಲನೆಯ ದೋಷವನ್ನು ತಿದ್ದಿರುವುದು. ದಯವಿಟ್ಟು ಹಿಂದಿನಂತೆಯೇ ಮಾಡಿ.'

ಕೂಡಲೇ ಉತ್ತರ ಬಂತು: 'ಸರ್, ಇದರಿಂದ ಬಳಕೆದಾರರಿಗೆ ಆಗಿರುವ ತೊಂದರೆಯನ್ನು ವಿವರಿಸುವಿರಾ?'

ಹದಿನೆಂಟು ದೋಷಗಳನ್ನು ಹನ್ನೆರಡು ಪುಟ ವಿವರಿಸಿದ್ದ ಪ್ರಾಣೇಶರು ಒಂದು ಸಾಲು ಬರೆದು ಅಳಿಸಿದರು. ಇನ್ನೊಂದು ಬರೆದು ಅದನ್ನೂ ಅಳಿಸಿದರು. ಹಾಲು ಉಕ್ಕಿತು.